ಇಪ್ಪತ್ತೈದು ಸಾವಿರ ಅಡಿಯಲ್ಲಿ ಉಗುರಮ್ಮ

ಯಾರನ್ನಾದರೂ ಕಂಡರೆ ಎಲ್ಲರೂ ಮೊದಲು ಮುಖ ನೋಡುತ್ತಾರೆ. ನಮ್ಮ ನರ್ಸ್ ಸಿಸ್ಟರ್ ಉಗುರು ನೋಡುತ್ತಾರೆ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡುವಾಗಲೂ ಅವರ ಕಣ್ಣು ಹೋಗುವುದು ಚಿಲ್ಲರೆಗಲ್ಲ, ಬೆರಳ ತುದಿಗೆ. ಒಮ್ಮೆ ತರಕಾರಿ ಅಂಗಡಿಯವನ ಕೈ ಹಿಡಿದು, "ನಿಮ್ಮ ಉಗುರು ಸರಿ ಇಲ್ಲ, ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ" ಎಂದು ಹೇಳಿ ಬಂದಿದ್ದರು. ಪಾಪ, ಅವನು ಎರಡು ರಾತ್ರಿ ನಿದ್ದೆಗೆಟ್ಟು ಪರೀಕ್ಷೆ ಮಾಡಿಸಿದ. ರಕ್ತ ಚೆನ್ನಾಗಿಯೇ ಇತ್ತು. ಬೀಟ್‌ರೂಟ್ ಮುಟ್ಟಿ ಮುಟ್ಟಿ ಉಗುರು ಬಣ್ಣಗೆಟ್ಟಿತ್ತು, ಅಷ್ಟೆ. ಈ ಕತೆ ಎತ್ತಿದರೆ ಸಿಸ್ಟರಿಗೆ ಈಗಲೂ ಸಿಟ್ಟು ಬರುತ್ತದೆ. ಆದ್ದರಿಂದ ನಾನು ವಾರಕ್ಕೊಮ್ಮೆಯಾದರೂ ಎತ್ತುತ್ತೇನೆ.

ಅವರಿಗೆ ಉಗುರಮ್ಮ ಎಂದು ಹೆಸರಿಟ್ಟವರು ವಿಮಾನದವರು. ಪೈಲಟ್‌ಗಳು, ವಿಮಾನದ ಎಂಜಿನಿಯರುಗಳು, ಗಗನಸಖಿಯರು, ಎಲ್ಲರೂ ಕೆಲವು ವರ್ಷಕ್ಕೊಮ್ಮೆ ನಮ್ಮ ತರಬೇತಿ ಕೇಂದ್ರಕ್ಕೆ ಬಂದು, ಗಾಳಿ ತೆಳುವಾದರೆ ತಮ್ಮ ಮೈ ಹೇಗೆ ಕೈಕೊಡುತ್ತದೆ ಎಂದು ಕಲಿತು ಹೋಗಬೇಕು. ಅದಕ್ಕೆಂದೇ ಒಂದು ಉಕ್ಕಿನ ಕೋಣೆ ಇದೆ. ನಾವು ಅದನ್ನು ಚೇಂಬರ್ ಎನ್ನುತ್ತೇವೆ. ಎರಡೂ ಬದಿಗೆ ಬೆಂಚು, ದಪ್ಪ ಗಾಜಿನ ದುಂಡು ಕಿಟಕಿಗಳು, ತಿಜೋರಿಗೆ ಇರುವಂಥ ಬಾಗಿಲು. ಬಾಗಿಲು ಮುಚ್ಚಿ ಪಂಪಿನಿಂದ ಗಾಳಿ ಎಳೆಯುತ್ತಾ ಹೋದರೆ, ಕೋಣೆ ಇದ್ದಲ್ಲಿಂದ ಕದಲದಿದ್ದರೂ ಒಳಗಿದ್ದವರು ಇಪ್ಪತ್ತೈದು ಸಾವಿರ ಅಡಿ ಮೇಲೆ ಕೂತ ಹಾಗೆ. ಅಲ್ಲಿ ಆಮ್ಲಜನಕದ ಮಾಸ್ಕ್ ತೆಗೆದರೆ ಮೂರು ನಾಲ್ಕು ನಿಮಿಷಕ್ಕೆ ಬುದ್ಧಿ ಮಂಕಾಗುತ್ತದೆ. ಮಂಕಾಗುತ್ತಿದೆ ಎಂಬುದು ಮಾತ್ರ ಮಂಕಾಗುವವನಿಗೆ ತಿಳಿಯುವುದಿಲ್ಲ. ಅದನ್ನು ತಿಳಿಯುವುದೇ ಪಾಠ.

ನಾನು ಹೊರಗೆ ಗುಂಡಿಗಳ ಮುಂದೆ ಕೂತು ಕೋಣೆಯನ್ನು "ಏರಿಸಿ" "ಇಳಿಸುವ" ಆಪರೇಟರ್. ಸಿಸ್ಟರ್ ಒಳಗೆ, ಮಾಸ್ಕ್ ಹಾಕಿಕೊಂಡು ಅವರ ನಡುವೆ ನಿಂತು ಒಬ್ಬೊಬ್ಬರನ್ನೂ ಕಾಯುವವರು. ಹತ್ತೊಂಬತ್ತು ವರ್ಷದಿಂದ ಇದೇ ಜೋಡಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು "ಏನಯ್ಯಾ" ಎನ್ನುತ್ತಾರೆ.

ಬೆಳಗಿನ ಅವರ ಪಾಠ ಕೇಳಬೇಕು. ಕೋಟಿನ ಜೇಬಿನಲ್ಲಿ ಉಗುರುಬಣ್ಣ ಅಳಿಸುವ ಬಾಟಲಿ. ಎಂಥ ದೊಡ್ಡ ಗಗನಸಖಿಯಾದರೂ ಬಣ್ಣ ಅಳಿಸದೆ ಒಳಗೆ ಪ್ರವೇಶವಿಲ್ಲ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಮೊದಲು ನೀಲಿಯಾಗುವುದು ಉಗುರೇ. "ಯಾರಿಗೆ ನೆಗಡಿ ಇದೆ?" ಎಂದು ಕೇಳುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ, ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಒಬ್ಬ ಮೆಲ್ಲಗೆ ಮೂಗು ಒರೆಸಿಕೊಳ್ಳುತ್ತಾನೆ. ಮೂಗು ಕಟ್ಟಿದ್ದರೆ ಒತ್ತಡಕ್ಕೆ ಕಿವಿ ಕೆಡುತ್ತದೆ, ಅವನು ಅಲ್ಲಿಂದಲೇ ವಾಪಸ್ಸು. ಆಮೇಲೆ ಹೊಟ್ಟೆಯ ವಿಷಯ. "ಮೇಲೆ ಹೋದ ಹಾಗೆ ಹೊಟ್ಟೆಯೊಳಗಿನ ಗಾಳಿ ಉಬ್ಬುತ್ತೆ. ಯಾರೂ ತಡ್ಕೋಬೇಡಿ. ನಾಚಿಕೆಯನ್ನ ಬಾಗಿಲ ಹೊರಗೇ ಬಿಟ್ಟು ಬನ್ನಿ." ಭುಜದ ಮೇಲೆ ನಾಲ್ಕು ಪಟ್ಟಿ ಹೊತ್ತ ಕ್ಯಾಪ್ಟನ್‌ಗಳು ಶಾಲೆಯ ಮಕ್ಕಳಂತೆ ನೆಲ ನೋಡುತ್ತಾರೆ. ಕೊನೆಗೆ, "ಎದುರಿನವರನ್ನ ಕಾಯೋವಾಗ ಮುಖ ನೋಡ್ಬೇಡಿ. ಮುಖ ಸುಳ್ಳು ಹೇಳುತ್ತೆ. ಉಗುರು ನೋಡಿ."

ಇಷ್ಟು ವರ್ಷ ಈ ಕೆಲಸ ಮಾಡಿ ಸಿಸ್ಟರಿಗೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು. "ಆಕ್ಸಿಜನ್ ಇರೋ ತನಕ ಎಲ್ಲರೂ ಸಭ್ಯಸ್ಥರೇ ಕಣಯ್ಯಾ. ಬೆರಳಿಗೆ ಹಾಕಿರೋ ಆಕ್ಸಿಜನ್ ಮೀಟರು ತೊಂಬತ್ತೆಂಟರಿಂದ ಎಪ್ಪತ್ತಕ್ಕೆ ಇಳೀಲಿ, ಆಗ ನೋಡು ಅಸಲಿ ಬಣ್ಣ." ಅವರ ಮಾತಿಗೆ ಸಾಕ್ಷಿಗಳಿಗೇನು ಕೊರತೆ? ಒಬ್ಬ ಹಿರಿಯ ಕ್ಯಾಪ್ಟನ್ ಪಕ್ಕದವನ ಪೆನ್ಸಿಲ್ ಕದ್ದು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿದ್ದರು. ಮೆತ್ತಗೆ ಮಾತಾಡುವ ಒಬ್ಬ ಎಂಜಿನಿಯರ್ ಮಾಸ್ಕ್ ಹಾಕಿಸಲು ಹೋದ ಸಿಸ್ಟರಿಗೇ "ಯಾರು ನೀನು ಕೇಳೋಕೆ?" ಎಂದು ತಿರುಗಿಬಿದ್ದಿದ್ದ. ನಮ್ಮ ಡಾಕ್ಟರು ನೂರು ಸಲ ತಿಳಿಸಿ ಹೇಳಿದ್ದಾರೆ: "ಅದು ಸ್ವಭಾವ ಅಲ್ಲ ಸಿಸ್ಟರ್, ಮಿದುಳಿಗೆ ಉಸಿರು ಸಾಲದೆ ಆಗೋದು." ಸಿಸ್ಟರ್ ನೂರು ಸಲವೂ ತಲೆಯಾಡಿಸಿದ್ದಾರೆ. ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ಅವರಲ್ಲಿ ಯಾವ ಸಂಬಂಧವೂ ಇಲ್ಲ.

ಇಂಥವರ ಮಗಳಿಗೆ ಒಬ್ಬ ಪೈಲಟ್ ಇಷ್ಟವಾದ.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಸರಕು ವಿಮಾನದ ಕೋ-ಪೈಲಟ್ ಒಬ್ಬ ಕಣ್ಣು ತೋರಿಸಲು ಬಂದ. ಕಣ್ಣು ಸರಿಯಾಗಿಯೇ ಇತ್ತು. ಆದರೂ ತಿಂಗಳಲ್ಲಿ ನಾಲ್ಕು ಸಲ ಬಂದ. ಇದನ್ನು ಮನೆಯಲ್ಲಿ ಹೇಳಿದಾಗ ಸಿಸ್ಟರ್ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಪೈಲಟ್ ಬೇಡ. ಅವರನ್ನೆಲ್ಲ ನಾನು ಒಳಗಿಂದ ನೋಡಿದ್ದೀನಿ" ಅಂದರಂತೆ. ಹುಡುಗ ಒಂದು ಭಾನುವಾರ ಮನೆಗೂ ಬಂದು ಚಹಾ ಕುಡಿದು ಹೋದ. ಕಪ್ಪು ತಾನೇ ತೊಳೆದಿಟ್ಟ. ಸಿಸ್ಟರಿಗೆ ಅದರಲ್ಲೂ ಅನುಮಾನ.

ಮಗಳು ಜಗಳವಾಡಲಿಲ್ಲ, ಅಳಲಿಲ್ಲ. "ಅಮ್ಮಾ, ನೀನು ಬೇಡ ಅಂದ್ರೆ ಬೇಡ. ನಾನು ಅವನಿಗೆ ಹೇಳಿಬಿಡ್ತೀನಿ. ಆದ್ರೆ ಕಾರಣ ಕೊಡು. ಒಂದೇ ಒಂದು ಸರಿಯಾದ ಕಾರಣ ಸಾಕು" ಅಂದಳು. ಇದು ಜಗಳಕ್ಕಿಂತ ಕಷ್ಟ. ಯಾಕೆಂದರೆ ಅವಳು ಹೇಳಿದ್ದನ್ನು ಮಾಡುವವಳು, ಅದು ಸಿಸ್ಟರಿಗೆ ಗೊತ್ತು. ಸಿಸ್ಟರ ಗಂಡ ತೀರಿಕೊಂಡಾಗ ಆ ಹುಡುಗಿಗೆ ಐದು ವರ್ಷ. ಅಲ್ಲಿಂದ ಇಲ್ಲಿಯವರೆಗೆ ಎರಡು ಕೋಣೆಯ ಆ ಮನೆಯಲ್ಲಿ ಇವರಿಬ್ಬರೇ, ಎರಡು ತಟ್ಟೆ, ಎರಡು ಲೋಟ. ಈಗ ತಾಯಿಯ ಒಂದು ಮಾತಿನ ಮೇಲೆ ಮಗಳ ಬದುಕು ನಿಂತಿತ್ತು, ಆ ಮಾತಿಗೆ ಕಾರಣ ಮಾತ್ರ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ತರಬೇತಿಯ ಪಟ್ಟಿಯಲ್ಲಿ ಆ ಹುಡುಗನ ಹೆಸರು ಬಂತು. ಗುರುವಾರದ ತಂಡ. ಗುರುವಾರ ಒಳಗೆ ಹೋಗುವ ಸರದಿ ಸಿಸ್ಟರದ್ದಲ್ಲ, ಇನ್ನೊಬ್ಬ ನರ್ಸಿನದು. ಸಿಸ್ಟರ್ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಏನಯ್ಯಾ, ಗುರುವಾರ ನನ್ನನ್ನ ಹಾಕು."

"ಅಕ್ಕಾ, ಸಂಬಂಧಿಕರು ಒಳಗಿದ್ರೆ ನಾವು ಕಾಯೋ ಹಾಗಿಲ್ಲ. ನಿಯಮ ಇದೆ."

"ಎಲ್ಲಿಯ ಸಂಬಂಧ? ನಾನು ಹೂಂ ಅಂದ್ರೆ ತಾನೇ ಸಂಬಂಧ? ಇನ್ನೂ ಅಂದಿಲ್ಲ."

ವಕೀಲರಿಗೂ ಹೊಳೆಯದ ವಾದ. ನಾನು ಸರದಿ ಬದಲಿಸಿದೆ. ಸತ್ಯ ಹೇಳಬೇಕೆಂದರೆ ನನಗೂ ಆ ಹುಡುಗನನ್ನು ಎಪ್ಪತ್ತಕ್ಕೆ ಇಳಿಸಿ ನೋಡುವ ಚಪಲ ಇತ್ತು.

ಗುರುವಾರ ಆರು ಜನ ಬಂದರು. ಸಿಸ್ಟರ್ ಸಾಲಾಗಿ ಎಲ್ಲರ ಉಗುರು ನೋಡಿದರು. ಹುಡುಗನ ಕೈಯನ್ನು ಮಾತ್ರ ಎರಡು ಸಲ ತಿರುಗಿಸಿ ನೋಡಿದರು.

"ಯಾಕೆ ಇಷ್ಟು ತಣ್ಣಗಿದೆ?"

"ಭಯ ಮೇಡಂ."

"ಚೇಂಬರಿನ ಭಯವಾ?"

ಹುಡುಗ ಇನ್ನೊಂದು ಕೈಯನ್ನೂ ಮುಂದೆ ಚಾಚಿದ. ಮನೆಯಲ್ಲಿ ಚಹಾ ಕುಡಿದ ಪರಿಚಯವನ್ನು ಅವನೂ ತೋರಿಸಲಿಲ್ಲ, ಇವರೂ ತೋರಿಸಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದುಕೊಂಡು ನಾನು ಬಾಗಿಲು ಭದ್ರಪಡಿಸಿದೆ.

ಅರ್ಧ ಗಂಟೆ ಎಲ್ಲರೂ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದ ಮೇಲೆ ಕೋಣೆಯನ್ನು ಏರಿಸಿದೆ. ಇಪ್ಪತ್ತೈದು ಸಾವಿರ. ಮೊದಲ ಸರದಿಗೆ ಮೂವರು ಮಾಸ್ಕ್ ತೆಗೆಯಬೇಕು. ಎದುರು ಬೆಂಚಿನ ಮೂವರು ಮಾಸ್ಕ್ ಹಾಕಿಕೊಂಡೇ ಇದ್ದು ತಮ್ಮ ತಮ್ಮ ಜೋಡಿಯನ್ನು ಕಾಯಬೇಕು. ಆಮೇಲೆ ಅದಲುಬದಲು. ಹುಡುಗ ಮೊದಲ ಸರದಿಯಲ್ಲೇ ಇದ್ದ. ಕೈಯಲ್ಲಿ ಕಾಗದ, ಪೆನ್ಸಿಲ್. ಸಾವಿರದಿಂದ ಏಳೇಳು ಕಳೆಯುತ್ತಾ ಬರೆಯಬೇಕು.

ಬಲಗಡೆಯವನು ಎರಡನೇ ನಿಮಿಷಕ್ಕೆ ಕಾರಣವಿಲ್ಲದೆ ನಗತೊಡಗಿದ. ಎಡಗಡೆಯವಳು ಕಾಗದದ ಮೇಲೆ ಹೂವು ಬಿಡಿಸಿದಳು. ಸಿಸ್ಟರ್ ಅವರ ಕಡೆ ನೋಡುವಷ್ಟು ನೋಡಿ, ಮತ್ತೆ ಮತ್ತೆ ನಡುವಿನವನ ಮುಂದೆ ಬಂದು ನಿಲ್ಲುತ್ತಿದ್ದರು. ಅವನು ಒಂಬೈನೂರ ನಲವತ್ತನಾಲ್ಕರವರೆಗೆ ಸರಿಯಾಗಿ ಬಂದ. ಆಮೇಲೆ ಅದನ್ನೇ ಇನ್ನೊಮ್ಮೆ ಬರೆದ. ಬರೆದದ್ದನ್ನು ದಿಟ್ಟಿಸಿ ನೋಡಿ, "ತಪ್ಪಾಯ್ತು, ನನಗೆ ಶುರುವಾಯ್ತು" ಎಂದು, ಯಾರೂ ಹೇಳುವ ಮೊದಲೇ ತಾನೇ ಮಾಸ್ಕ್ ಹಾಕಿಕೊಂಡ. ಪುಸ್ತಕದಲ್ಲಿ ಬರೆದ ಹಾಗೆ. ಕಿಟಕಿಯಿಂದ ಸಿಸ್ಟರ ಹುಬ್ಬು ಕಂಡಿತು. ಇಷ್ಟು ಒಳ್ಳೆಯ ವಿದ್ಯಾರ್ಥಿ ಸಿಕ್ಕಿದ್ದಕ್ಕೆ ಯಾವ ಟೀಚರೂ ಹಾಗೆ ಹುಬ್ಬು ಗಂಟಿಕ್ಕಿರಲಾರರು. ಮೊಸರಿನಲ್ಲಿ ಕಲ್ಲು ಹುಡುಕಲು ಹೋದವರಿಗೆ ಬರೀ ಮೊಸರೇ ಸಿಕ್ಕಿತ್ತು.

ಎರಡನೇ ಸರದಿ. ಎದುರಿನ ಮೂವರು ಮಾಸ್ಕ್ ತೆಗೆದರು. ಈಗ ಹುಡುಗ ಕಾಯುವವನು. ಅವನ ಕಾಗದ ಜಾರಿ ಬೆಂಚಿನ ಕೆಳಗೆ ಬಿತ್ತು. ಅದನ್ನು ಎತ್ತುವ ತುರ್ತು ಯಾರಿಗೂ ಇರಲಿಲ್ಲ, ಸಿಸ್ಟರಿಗೆ ಇತ್ತು. ಕೈಬರಹದಲ್ಲಾದರೂ ಒಂದು ದೋಷ ಸಿಕ್ಕೀತೇ ಎಂಬ ಆಸೆ. ಬಗ್ಗಿದರು, ಬೆಂಚಿನ ಅಂಚಿಗೆ ಮಾಸ್ಕಿಗೆ ಆಮ್ಲಜನಕ ತರುವ ಅವರ ಟ್ಯೂಬ್ ಸಿಕ್ಕಿಕೊಂಡಿತು, ಎದ್ದರು. ಎದೆಯ ಹತ್ತಿರದ ಜೋಡಣೆ ಬಿಟ್ಟುಕೊಂಡದ್ದು ಅವರಿಗೆ ತಿಳಿಯಲಿಲ್ಲ. ಮುಖದ ಮೇಲೆ ಮಾಸ್ಕ್ ಇತ್ತು. ಮಾಸ್ಕಿನೊಳಗೆ ಆಮ್ಲಜನಕ ಇರಲಿಲ್ಲ.

ಇನ್ನು ನನ್ನ ತಪ್ಪು. ನನ್ನ ಪರದೆಯಲ್ಲಿ ಒಬ್ಬೊಬ್ಬರ ರಕ್ತದ ಆಮ್ಲಜನಕ ತೋರಿಸುವ ಏಳು ಗೆರೆಗಳು ಓಡುತ್ತವೆ, ಆರು ಜನರವು ಆರು, ಕಾಯುವವರದು ಏಳನೆಯದು. ಏಳನೆಯದನ್ನೇ ಮೊದಲು ನೋಡಬೇಕೆಂದು ನಿಯಮ. ಹತ್ತೊಂಬತ್ತು ವರ್ಷ ಅದು ತೊಂಬತ್ತೆಂಟರಿಂದ ಕದಲಿದ್ದಿಲ್ಲ. ಕದಲದ ಗೆರೆಯನ್ನು ಎಷ್ಟು ದಿನ ನೋಡುವುದು? ನಾನೂ ಆ ಹುಡುಗನ ಗೆರೆಯನ್ನೇ ನೋಡುತ್ತಿದ್ದೆ. ನನ್ನ ಪಕ್ಕ ಕೂತ ಡಾಕ್ಟರು ಮಾಸ್ಕ್ ತೆಗೆದ ಮೂವರನ್ನು ನೋಡುತ್ತಿದ್ದರು. ಊರಿಗೆಲ್ಲ ಕಾವಲು ಕೂತವರ ಬೆನ್ನ ಹಿಂದೆ ಯಾರೂ ಇರಲಿಲ್ಲ.

ಮೈಕಿನಲ್ಲಿ ಸಿಸ್ಟರ ಧ್ವನಿ ಕೇಳಿತು. "ಎಲ್ಲರೂ ಎಷ್ಟು ಚೆನ್ನಾಗಿ ಮಾಡ್ತಿದ್ದೀರಿ!"

ನಾನು ನಕ್ಕೆ. "ಡಾಕ್ಟರೇ, ಅಕ್ಕ ಇವತ್ತು ಹೊಗಳ್ತಿದ್ದಾರೆ, ಬಿಸಿಲಲ್ಲಿ ಮಳೆ ಬರುತ್ತೆ" ಅಂದೆ. ಅವರು ಹತ್ತೊಂಬತ್ತು ವರ್ಷದಲ್ಲಿ ಯಾರನ್ನೂ ಹೊಗಳಿದವರಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆ ಒಂದು ಮಾತಿಗೆ ನಾನು ಕುರ್ಚಿಯಿಂದ ಎಗರಬೇಕಿತ್ತು. ನಕ್ಕೆನಲ್ಲ, ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸಿಸ್ಟರ್ ಕಾಗದ ಹಿಡಿದು ಇನ್ನೂ ಏನೋ ಹೇಳುತ್ತಲೇ ಇದ್ದರು. ಹುಡುಗ ಕಾಗದ ನೋಡಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಬೆಳಿಗ್ಗೆ ಕೇಳಿದ ಪಾಠದಂತೆ ಕಾಗದ ಹಿಡಿದ ಬೆರಳು ನೋಡಿದ. ಉಗುರು ನೀಲಿ. ಎದ್ದು ನಿಂತ. ಹೇಳದೆ ಯಾರೂ ಏಳುವಂತಿಲ್ಲ ಎಂದು ಡಾಕ್ಟರು ಕೂಗುತ್ತಿದ್ದಾಗಲೇ ಅವನ ಕೈ ಸಿಸ್ಟರ ಮಾಸ್ಕಿನಿಂದ ಟ್ಯೂಬ್ ಹಿಡಿದು ಕೆಳಗೆ ಜಾರಿ, ಬಿಟ್ಟುಹೋದ ತುದಿಗೆ ಬಂದು, ಅದನ್ನು ಮತ್ತೆ ಸಿಕ್ಕಿಸಿತು. ಇನ್ನೊಂದು ಕೈಯಲ್ಲಿ ಅವರನ್ನು ಬೀಳದಂತೆ ಹಿಡಿದಿದ್ದ. ಆಗ ನಾನು ಏಳನೇ ಗೆರೆ ನೋಡಿದೆ. ಅರವತ್ತೊಂದು.

ಎಲ್ಲರಿಗೂ ಮಾಸ್ಕ್ ಹಾಕಿಸಲು ಡಾಕ್ಟರು ಕೂಗಿದರು, ಒಳಗಿನ ಜೋಡಿಗಳು ತಮ್ಮ ತಮ್ಮವರಿಗೆ ಹಾಕಿದರು, ನಾನು ಕೋಣೆಯನ್ನು ಇಳಿಸತೊಡಗಿದೆ. ಕಾಲು ನಿಮಿಷದಲ್ಲಿ ಸಿಸ್ಟರ್ ಕಣ್ಣು ಪಿಳುಕಿಸಿ, ತಮ್ಮನ್ನು ಹಿಡಿದುಕೊಂಡವನನ್ನು ಕಂಡು ಗದರಿದರು: "ಯಾಕ್ರೀ ಎದ್ದು ನಿಂತಿದ್ದೀರಿ? ಕೂತ್ಕೊಳ್ಳಿ! ಇದೇನು ಬಸ್ ಸ್ಟ್ಯಾಂಡಾ?"

ಹುಡುಗ ಕೂತ. ಆದರೆ ಟ್ಯೂಬಿನ ಜೋಡಣೆಯ ಮೇಲಿಟ್ಟ ಕೈಯನ್ನು ನೆಲ ಮುಟ್ಟುವವರೆಗೆ ತೆಗೆಯಲಿಲ್ಲ.

ಹೊರಗೆ ಬಂದು ವಿಷಯ ತಿಳಿದಾಗ ಸಿಸ್ಟರ ಮುಖ ಬಿಳಿಚಿತು. ಕಾಗದ ಎತ್ತಲು ಬಗ್ಗಿದ್ದು ನೆನಪಿದೆ, ಮುಂದಿನದು ಏನೂ ಇಲ್ಲ. ನನ್ನನ್ನು ಮೂಲೆಗೆ ಎಳೆದರು. "ಏನಯ್ಯಾ, ನಾನು ಏನಾದ್ರೂ ಅಂದೆನಾ?"

"ಪಂಪಿನ ಸದ್ದಲ್ಲಿ ಪೂರ್ತಿ ಕೇಳಿಸಲಿಲ್ಲ ಅಕ್ಕಾ. ತಪ್ಪು ನಂದು. ನಿಮ್ಮ ಗೆರೆ ನೋಡ್ಲಿಲ್ಲ."

"ಅದಿರಲಿ. ಏನಂದೆ ಅದನ್ನ ಹೇಳು."

ಸಾಯುವುದರಿಂದ ಪಾರಾಗಿ ಬಂದವರಿಗೆ ಮಾತಿನದೇ ಚಿಂತೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಒಳಗೆ ಬುದ್ಧಿ ಮಂಕಾದ ಪ್ರತಿಯೊಬ್ಬರೂ ಆಮೇಲೆ ಪುಟ್ಟ ಕೋಣೆಯಲ್ಲಿ ಕೂತು ತಮ್ಮ ವಿಡಿಯೋ ತಾವೇ ನೋಡಬೇಕು, ಜೊತೆಗೆ ಅವರನ್ನು ಕಾದ ಜೋಡಿಯೂ ಇರಬೇಕು. ತನ್ನ ಪೆದ್ದುತನವನ್ನು ತಾನೇ ಕಣ್ಣಾರೆ ಕಂಡರೆ ಜನ್ಮದಲ್ಲಿ ಮರೆಯುವುದಿಲ್ಲ. ಸಾವಿರಾರು ಜನರನ್ನು ಆ ಕುರ್ಚಿಯಲ್ಲಿ ಕೂರಿಸಿ ಬಾಯಿ ಮುಚ್ಚಿ ನಕ್ಕವರು ಸಿಸ್ಟರ್. ಅವತ್ತು ಅವರೇ ಕೂರಬೇಕಾಯಿತು, ಬೆರಳಿಗೆ ಮೀಟರು ಸಿಕ್ಕಿಸಿಕೊಂಡು. ಪಕ್ಕದಲ್ಲಿ ಆ ಹುಡುಗ. ಡಾಕ್ಟರು ವಿಡಿಯೋ ಹಾಕಿದರು. ನಾನು ಬಾಗಿಲ ಬಳಿ ನಿಂತೆ.

ಪಂಪಿನ ಸದ್ದಿನ ಹಿಂದಿನಿಂದ ಸಿಸ್ಟರ ಧ್ವನಿ ಸ್ಪಷ್ಟವಾಗಿ ಬಂತು. ಇಂಥ ಮೃದು ಧ್ವನಿ ಅವರ ಹತ್ತಿರ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

"ಎಲ್ಲರೂ ಎಷ್ಟು ಚೆನ್ನಾಗಿ ಮಾಡ್ತಿದ್ದೀರಿ! ಈ ಹುಡುಗನ ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿದೆ. ತಪ್ಪು ಹುಡುಕೋಕೆ ಬಂದೆ ಕಣಪ್ಪಾ. ಒಂದೂ ಸಿಕ್ತಿಲ್ಲ. ಒಂದಾದ್ರೂ ತಪ್ಪು ಮಾಡೋ, ನಿನ್ನ ದಮ್ಮಯ್ಯ. ನೀನು ಒಳ್ಳೆಯವನಾಗಿಬಿಟ್ರೆ ಅವಳು ಹೊರಟೇ ಹೋಗ್ತಾಳೆ. ಆಮೇಲೆ ನಾನು ಒಬ್ಬಳಿಗೇ ಅಂತ ಅಡುಗೆ ಮಾಡೋದು ಹೇಗೋ..."

ಅಲ್ಲಿಗೆ ಹುಡುಗ ಎದ್ದು ನಿಂತದ್ದು ಕಂಡಿತು. ಡಾಕ್ಟರು ನಿಲ್ಲಿಸಿದರು.

ಹುಡುಗ ತನ್ನ ಮೊಣಕಾಲು ನೋಡುತ್ತಿದ್ದ. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ?

ಡಾಕ್ಟರು ನಿಧಾನವಾಗಿ ಕೇಳಿದರು. "ಸಿಸ್ಟರ್, ಇವರು ನಿಮಗೆ ಸಂಬಂಧವಾ?"

ಇಲ್ಲ ಎಂದರೆ ಇದು ಬರೀ ಟ್ಯೂಬಿನ ಅಪಘಾತ. ಹೌದೆಂದರೆ ಗೊತ್ತಿದ್ದೂ ನಿಯಮ ಮುರಿದ ಹಾಗೆ; ದಾಖಲೆಯಲ್ಲಿ ಮೊದಲ ಕಪ್ಪು ಚುಕ್ಕೆ, ಚೇಂಬರಿನೊಳಗೆ ಕಾಲಿಡುವಂತಿಲ್ಲ. ನಾನು ಬಾಯಿ ಹಾಕಿದೆ. "ಏನಿಲ್ಲ ಡಾಕ್ಟರೇ, ಸರದಿ ಬದಲಿಸಿದ್ದು ನಾನೇ." ಅದೇ ಉಸಿರಿಗೆ ಹುಡುಗನೂ, "ಬರೀ ಮುಖಪರಿಚಯ ಸರ್" ಅಂದ.

"ಇಬ್ಬರೂ ಸುಮ್ನಿರಿ," ಅಂದರು ಸಿಸ್ಟರ್. "ನನ್ನ ಮಗಳನ್ನ ಕೇಳ್ತಿರೋ ಹುಡುಗ ಇವನು. ಗೊತ್ತಿದ್ದೇ ಒಳಗೆ ಹೋದೆ. ಇವನನ್ನ ನೋಡ್ತಾ ಆ ಮೂವರನ್ನ ಮರೆತೆ. ಅವರಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

"ಆರು ತಿಂಗಳು ಒಳಗೆ ಹೋಗೋ ಹಾಗಿಲ್ಲ," ಅಂದರು ಡಾಕ್ಟರು. ನನ್ನ ಕಡೆ ತಿರುಗಿ, "ನಿಮ್ಮದು ಆಮೇಲೆ ಮಾತಾಡೋಣ" ಅಂದರು. ಆ ಮಾತುಕತೆ ನನಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿತು, ಅದರ ವಿವರ ಇಲ್ಲಿ ಬೇಡ.

ಸಿಸ್ಟರ್ ತಲೆಯಾಡಿಸಿದರು. ಈ ಸಲ ಒಪ್ಪಿಯೇ.

ಇನ್ನು ಉಳಿದದ್ದು ಕಾರ್ಡು. ವಿಡಿಯೋ ನೋಡಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಕಾರ್ಡು ಬರೆಯುತ್ತೇವೆ. ಗಾಳಿ ಕಡಿಮೆಯಾದಾಗ ನಿಮ್ಮಲ್ಲಿ ಮೊದಲು ಏನಾಗುತ್ತದೆ ಎಂದು. ಕಾದ ಜೋಡಿ ಕೇಳಬೇಕು, ಮಂಕಾದವರು ಹೇಳಬೇಕು. ಡಾಕ್ಟರು ಖಾಲಿ ಕಾರ್ಡನ್ನು ಹುಡುಗನ ಮುಂದೆ ಸರಿಸಿದರು.

"ಮೊದಲ ಲಕ್ಷಣ ಏನು ಮೇಡಂ?" ಹುಡುಗ ಪೆನ್ನಿನ ಮುಚ್ಚಳ ತೆಗೆದ.

ಈ ವಿಷಯದಲ್ಲಿ ಸುಳ್ಳು ಹೇಳುವವರಲ್ಲ ಸಿಸ್ಟರ್.

"ಎದುರಿಗಿರೋರು ಒಳ್ಳೆಯವರಾಗಿ ಕಾಣೋದು."

ಹುಡುಗ ಬರೆದುಕೊಂಡ. ಮುಂದಿನ ಸಾಲಿಗೆ ಬಂದ. "ಆಕ್ಸಿಜನ್ ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಆ ಲಕ್ಷಣ ಹೋಯ್ತು?"

ಸಿಸ್ಟರ್ ಗೋಡೆಯ ಗಡಿಯಾರ ನೋಡಿದರು. ಟ್ಯೂಬ್ ಮತ್ತೆ ಸಿಕ್ಕಿಸಿ ಮುಕ್ಕಾಲು ಗಂಟೆ ಆಗಿತ್ತು. ಬೆರಳಿನ ಮೀಟರು ತೊಂಬತ್ತೆಂಟು ತೋರಿಸುತ್ತಿತ್ತು. ಆಮೇಲೆ ಹುಡುಗನ ಕಡೆ ತಿರುಗಿದರು.

"ಇನ್ನೂ ಹೋಗಿಲ್ಲ."

ಹುಡುಗನ ಪೆನ್ನು ನಿಂತಿತು. ಇದನ್ನೂ ಬರೆಯಬೇಕೋ ಬಾರದೋ ತಿಳಿಯದೆ ಡಾಕ್ಟರ ಮುಖ ನೋಡಿದ.

"ಬರ್ಕೊಳ್ಳಿ," ಅಂದರು ಡಾಕ್ಟರು.